ಹಿತ್ತಿಲಿನ ಮೊಟ್ಟೆಯೂ ತರಕಾರಿಯೂ ಒಟ್ಟಿಗೆ ಕೈಗೆ ಬಂದಾಗ ಹೇಗೆ ಬಳಸಬೇಕು?

ಪ್ರಶ್ನೆ: ಹುಣಸೂರು ಹಿತ್ತಿಲು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಮನೆಯ ಹಿಂದೆ ಬಾವಿಯೂ ನುಗ್ಗೆಮರಗಳೂ ಇರುವ ಹಿತ್ತಿಲಿದ್ದು, ಸಂಕ್ರಾಂತಿ ಕಳೆದ ಮೇಲೆ ಅಲ್ಲಿ ಮಡಿ ಮಾಡಿ ದಂಟು, ಮೆಂತ್ಯ, ಪಾಲಕ್, ಮೂಲಂಗಿ, ಬೆಂಡೆ, ಬೀನ್ಸ್, ಎಳೆಸೌತೆ ಮತ್ತು ಈರನಗೆರೆ ಬದನೆ ಹಾಕಿದ್ದೇವೆ. ಇನ್ನೊಂದು ಬದಿಯಲ್ಲಿ ಕೋಳಿಗೂಡಿದೆ. ಅದರಲ್ಲಿ ನಾಟಿ ಕೋಳಿಗಳ ಜೊತೆಗೆ ಕೆಲವು ಸ್ವರ್ಣಧಾರ ಹೇಟೆಗಳೂ ಒಂದು ಹುಂಜವೂ ಇವೆ.

ಯುಗಾದಿ ಹತ್ತಿರವಾಗುತ್ತಿದ್ದಂತೆ ಎಲ್ಲವೂ ಒಂದೇ ಸಲ ಕೈಗೆ ಬರುತ್ತಿದೆ. ಬೆಳಿಗ್ಗೆ ಒಂದು ಬುಟ್ಟಿ ಸೊಪ್ಪು, ಮಡಿಲು ತುಂಬ ಬೆಂಡೆಕಾಯಿ, ಮಧ್ಯಾಹ್ನದೊಳಗೆ ಗೂಡಿನಲ್ಲಿ ಇನ್ನೂ ಬೆಚ್ಚಗಿರುವ ಮೊಟ್ಟೆಗಳು. ಸಂತೆಯಿಂದ ತರಕಾರಿ ತರುವುದನ್ನು ನಾವು ಬಹುಮಟ್ಟಿಗೆ ನಿಲ್ಲಿಸಿದ್ದೇವೆ. ಇದರಿಂದ ಮನೆಯವರಿಗೆಲ್ಲ ಆಗಿರುವ ಸಂತೋಷ ಹೇಳತೀರದು. ಸೊಪ್ಪು ಕಂಡರೆ ತಟ್ಟೆ ಸರಿಸುತ್ತಿದ್ದ ಮಕ್ಕಳೇ ಈಗ ತಾವು ನೀರು ಹಾಕಿದ ಮಡಿಯ ದಂಟನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ.

ಇಷ್ಟು ಒಳ್ಳೆಯ ಪದಾರ್ಥ ಮನೆಯಲ್ಲಿರುವಾಗ ಅದರ ಪೂರ್ತಿ ರುಚಿಯನ್ನು ಪಡೆಯಬೇಕು, ಯಾವುದೂ ಹಾಳಾಗಬಾರದು ಎಂಬುದು ನನ್ನ ಆಸೆ. ಅದಕ್ಕಾಗಿ ಅನುಭವಸ್ಥರನ್ನು ಕೆಲವು ವಿಷಯ ಕೇಳುತ್ತಿದ್ದೇನೆ. ಮೊಟ್ಟೆಯನ್ನು ತೊಳೆದಿಡಬೇಕೇ, ಹಾಗೆಯೇ ಇಡಬೇಕೇ? ಫ್ರಿಜ್ಜಿನ ಹೊರಗೆ ಎಷ್ಟು ದಿನ ಇಡಬಹುದು? ಅಂಗಡಿಯ ಮೊಟ್ಟೆಯನ್ನು ಬೇಯಿಸಿದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ, ನಮ್ಮದರಲ್ಲಿ ಮಾತ್ರ ಸಿಪ್ಪೆಯ ಜೊತೆಗೆ ಬಿಳಿಭಾಗವೂ ಕಿತ್ತು ಬರುವುದೇಕೆ? ಈಚೆಗೆ ಬಿಸಿಲು ಏರಿದಂತೆ ಕೆಲವು ಮೊಟ್ಟೆಗಳ ಚಿಪ್ಪು ಬೆರಳು ತಗುಲಿದರೆ ಬಿರಿಯುವಷ್ಟು ತೆಳುವಾಗಿದೆ, ಅದಕ್ಕೇನು ಮಾಡಬೇಕು? ಮೆಂತ್ಯ ಮತ್ತು ಪಾಲಕ್ ಎಲೆ ಬಿಡುವುದನ್ನು ಬಿಟ್ಟು ಹೂದಂಟು ಎತ್ತುತ್ತಿವೆ, ಸೌತೆಕಾಯಿಗಳಲ್ಲಿ ಒಂದೊಂದು ಕಹಿಯಾಗಿರುತ್ತವೆ. ನಮ್ಮ ಅತ್ತೆಯವರು ಸೋಮವಾರ ಮತ್ತು ಶನಿವಾರ ಮೊಟ್ಟೆ ಮುಟ್ಟುವುದಿಲ್ಲವಾದ್ದರಿಂದ ಒಂದೇ ಒಲೆಯಲ್ಲಿ ಎಲ್ಲರಿಗೂ ಹೊಂದುವ ಅಡುಗೆಗಳನ್ನು ಯಾರಾದರೂ ತಿಳಿಸಿದರೆ ತುಂಬ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಪಶುವೈದ್ಯ, ಹಾಸನ

ತಾಯಿ, ಕೋಳಿಗೆ ಸಂಬಂಧಿಸಿದ ಪ್ರಶ್ನೆಗಳಿಗೆ ನಾನು ಉತ್ತರಿಸುತ್ತೇನೆ. ತರಕಾರಿಯ ವಿಷಯವನ್ನು ಬಲ್ಲವರು ಇಲ್ಲಿ ಬೇರೆ ಇದ್ದಾರೆ.

ಮೊದಲು ತೆಳು ಚಿಪ್ಪಿನ ವಿಷಯ, ಏಕೆಂದರೆ ಅದು ಬೇಸಿಗೆಯಲ್ಲಿ ಹೆಚ್ಚುತ್ತಲೇ ಹೋಗುತ್ತದೆ. ಒಂದು ಮೊಟ್ಟೆ ಕೋಳಿಯ ಒಡಲಲ್ಲಿ ಸಿದ್ಧವಾಗಲು ಸುಮಾರು 25 ಗಂಟೆ ಬೇಕು, ಅದರಲ್ಲಿ 20 ಗಂಟೆಯಷ್ಟು ಹೊತ್ತು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಕೋಳಿಗೆ ಬೆವರುಗ್ರಂಥಿಗಳಿಲ್ಲವಾದ್ದರಿಂದ ಅದು ಕೊಕ್ಕು ತೆರೆದು ಏದುಸಿರು ಬಿಟ್ಟೇ ಮೈಯ ಕಾವನ್ನು ಇಳಿಸಿಕೊಳ್ಳಬೇಕು. ಹಾಗೆ ಏದುವಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಅದರ ಮೇಲೆ ಸೆಕೆಗೆ ಮೇವೂ ಇಳಿಯುವುದರಿಂದ ಸುಣ್ಣದ ಅಂಶವೂ ಸಾಲದೆ ಬರುತ್ತದೆ. ಒಂದು ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ, ಚೆನ್ನಾಗಿ ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 4 ಗ್ರಾಮಿನಷ್ಟಾದರೂ ಸಿಗಬೇಕು. ನಾಟಿ ಕೋಳಿ ಬಿಟ್ಟು ಬಿಟ್ಟು ಇಡುವುದರಿಂದ ಅದಕ್ಕೆ ಹಿತ್ತಿಲಿನಲ್ಲಿ ಕೆದಕಿ ತಿಂದದ್ದೇ ಬಹುಪಾಲು ಸಾಕಾಗುತ್ತದೆ. ನಿಮ್ಮಲ್ಲಿರುವ ಸ್ವರ್ಣಧಾರ ಬೇರೆ ಬಗೆಯದು; ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡು 2005ರಲ್ಲಿ ಬಿಡುಗಡೆಯಾದ ಈ ತಳಿ ವರ್ಷಕ್ಕೆ 180ರಿಂದ 190 ಮೊಟ್ಟೆ ಇಡಬಲ್ಲದು. ಅಷ್ಟು ಇಡುವ ಕೋಳಿಗೆ ಬರಿಯ ಕಾಳು ಸಾಲುವುದಿಲ್ಲ.

ಆದ್ದರಿಂದ ಪುಡಿ ಮಾಡಿದ ಕಪ್ಪೆಚಿಪ್ಪನ್ನೋ, ಚೆನ್ನಾಗಿ ಒಣಗಿಸಿ ಹುರಿದು ಪುಡಿ ಮಾಡಿದ ಮೊಟ್ಟೆ ಚಿಪ್ಪನ್ನೋ ಬೇರೆಯದೇ ಬಟ್ಟಲಿನಲ್ಲಿ ಇಡಿ, ಮೇವಿನೊಳಗೆ ಬೆರೆಸಬೇಡಿ. ಬೇಕಾದ ಕೋಳಿ ಬೇಕಾದಷ್ಟನ್ನು ತಾನೇ ತಿನ್ನುತ್ತದೆ. ಚಿಪ್ಪು ಹೆಚ್ಚಾಗಿ ಕಟ್ಟುವುದು ರಾತ್ರಿಯ ಹೊತ್ತಿನಲ್ಲಾದ್ದರಿಂದ ಸಂಜೆ ಗೂಡು ಸೇರುವ ಮುಂಚೆ ಅದು ಸಿಗುವಂತಿರಲಿ. ಮೇವನ್ನು ಬೆಳಗಿನ ಜಾವ ಮತ್ತು ಸಂಜೆಯ ತಂಪಿನಲ್ಲಿ ಹಾಕಿ. ನೀರಿನ ಪಾತ್ರೆಯನ್ನು ನುಗ್ಗೆಮರದ ನೆರಳು ಸಾಲದಿದ್ದರೆ ತೆಂಗಿನ ಗರಿಯ ಚಪ್ಪರದ ಕೆಳಗೆ ಇಟ್ಟು, ಮಧ್ಯಾಹ್ನ ಒಮ್ಮೆ ಬಾವಿಯ ತಣ್ಣೀರನ್ನು ಬದಲಾಯಿಸಿ. ಬಿಸಿಯಾದ ನೀರನ್ನು ಕೋಳಿ ಕುಡಿಯುವುದು ಕಡಿಮೆ, ಮತ್ತು ನೀರು ಕುಡಿಯದ ಕೋಳಿ ಮೊಟ್ಟೆ ಇಡುವುದಿಲ್ಲ.

ಇನ್ನು ಮೊಟ್ಟೆಯನ್ನು ಇಡುವ ಬಗೆ. ಹೊಸ ಮೊಟ್ಟೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಲೇಪವಿರುತ್ತದೆ. ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳನ್ನು ಮುಚ್ಚಿ ರೋಗಾಣುಗಳನ್ನು ತಡೆಯುವುದೇ ಅದರ ಕೆಲಸ. ತೊಳೆದರೆ ಅದು ಹೋಗುತ್ತದೆ. ತಣ್ಣೀರಿನಲ್ಲಿ ತೊಳೆದರಂತೂ ಒಳಗಿನ ಭಾಗ ಕುಗ್ಗಿ ಹೊರಗಿನ ಕೊಳೆಯನ್ನೇ ಒಳಕ್ಕೆ ಎಳೆದುಕೊಳ್ಳುವ ಸಂಭವವಿದೆ. ಹಾಗಾಗಿ ಗೂಡಿನ ಹುಲ್ಲನ್ನು ಆಗಾಗ ಬದಲಾಯಿಸಿ ಮೊಟ್ಟೆ ಕೊಳೆಯಾಗದಂತೆ ನೋಡಿಕೊಳ್ಳಿ, ಸ್ವಲ್ಪ ಮಣ್ಣು ಅಂಟಿದ್ದರೆ ಒಣಬಟ್ಟೆಯಲ್ಲಿ ಒರೆಸಿ, ತೊಳೆಯಲೇಬೇಕಾದರೆ ಬಳಸುವ ಮುಂಚೆಯಷ್ಟೇ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ.

ನಿಮ್ಮಲ್ಲಿ ಹುಂಜವೂ ಇರುವುದರಿಂದ ಇನ್ನೊಂದು ಮಾತು ಹೇಳಲೇಬೇಕು. ಹುಂಜ ಸೇರಿದ ಮೊಟ್ಟೆಯೊಳಗಿನ ಜೀವಾಂಕುರ 20 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನಿಧಾನವಾಗಿ ಬೆಳೆಯತೊಡಗುತ್ತದೆ. ಮಾರ್ಚ್‌ನ ಮಧ್ಯಾಹ್ನದ ಸೆಕೆಯಲ್ಲಿ ಗೂಡಿನಲ್ಲೇ ಉಳಿದ ಮೊಟ್ಟೆಯನ್ನು ಎರಡು ಮೂರು ದಿನದ ಮೇಲೆ ಒಡೆದರೆ ಕೆಂಪು ಎಳೆಗಳು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ದಿನಕ್ಕೆ ಎರಡು ಸಲ ಮೊಟ್ಟೆ ತೆಗೆದು, ಫ್ರಿಜ್ ಇದ್ದರೆ ಅದರಲ್ಲೇ ಇಡಿ. ಇಲ್ಲದಿದ್ದರೆ ಅಗಲವಾದ ಮಣ್ಣಿನ ಮಡಕೆಯ ಸುತ್ತ ಒದ್ದೆ ಮರಳು ಹಾಕಿ, ಮಡಕೆಯೊಳಗೆ ಒಣಹುಲ್ಲಿನ ಮೇಲೆ ಇಟ್ಟು ಬಟ್ಟೆ ಮುಚ್ಚಿ; ಬೇಸಿಗೆಯಲ್ಲಿ ಒಂದು ವಾರಕ್ಕಿಂತ ಹೆಚ್ಚು ಕಾಯಿಸಬೇಡಿ. ಮರಿ ಮಾಡಿಸಬೇಕೆಂದು ತೆಗೆದಿಡುವ ಮೊಟ್ಟೆಗಳಿಗೂ ಈ ಮಡಕೆಯೇ ಒಳ್ಳೆಯದು. ನಾಟಿ ಹೇಟೆ ಕಾವಿಗೆ ಕೂತರೆ 21 ದಿನಕ್ಕೆ ಮರಿ ಬರುತ್ತದೆ.

ಕೊಕ್ಕರೆ ರೋಗ (ರಾಣಿಖೇತ್) ಬಾರದಂತೆ ಮರಿಗಳಿಗೆ ಮೊದಲ ವಾರದಲ್ಲಿ ಲಸೋಟ ಎಂಬ ಲಸಿಕೆಯ ಹನಿಯನ್ನು, 6ರಿಂದ 8 ವಾರದ ನಡುವೆ ಆರ್‌ಟುಬಿ ಎಂಬ ಲಸಿಕೆಯ ಚುಚ್ಚುಮದ್ದನ್ನು ಹಾಕಿಸುವುದನ್ನು ದಯವಿಟ್ಟು ಮರೆಯಬೇಡಿ. ಕೊಕ್ಕರೆ ರೋಗ ಹೊಕ್ಕರೆ ಒಂದು ವಾರದಲ್ಲಿ ಇಡೀ ಗೂಡು ಬರಿದಾಗುವುದನ್ನು ನನ್ನ ಸೇವೆಯ ಉದ್ದಕ್ಕೂ ನೋಡಿ ನೊಂದಿದ್ದೇನೆ. ತಡೆಯಬಹುದಾದ ಸಾವು ಅದು.

ಉತ್ತರ: ಕಾರ್ಕಳದ ಗದ್ದೆಯಿಂದ

ನಮ್ಮ ಕಡೆ ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲೇ ಸಾಲು ತೆಗೆದು ಮಂಗಳೂರು ಸೌತೆ, ಮುಳ್ಳುಸೌತೆ, ಹರಿವೆ, ಅಲಸಂಡೆ, ಬೆಂಡೆ, ಹಾಗಲ ಹಾಕುವುದು ವಾಡಿಕೆ. ಹೀಗೆ ಚಳಿ ಮುಗಿದು ಸೆಕೆ ಏರುವ ತಿಂಗಳುಗಳ ತರಕಾರಿಯೊಂದಿಗೇ ನಾನು ಬೆಳೆದವನು.

ಮೆಂತ್ಯ, ಪಾಲಕ್, ಕೊತ್ತಂಬರಿ ಇವು ತಂಪನ್ನು ಬಯಸುವ ಸೊಪ್ಪುಗಳು. ಬಿಸಿಲು ಏರಿ ಹಗಲು ಉದ್ದವಾದಾಗ ಅವು ಹೂದಂಟು ಎತ್ತುವುದು ಸಹಜ, ಅದನ್ನು ಗೊಬ್ಬರ ಹಾಕಿ ತಡೆಯಲಾಗದು. ಇರುವುದನ್ನು ಈಗಲೇ ಬುಡಸಮೇತ ಕಿತ್ತು ಬಳಸಿ, ಆ ಮಡಿಗಳಿಗೆ ಕೀರೆ, ಹರಿವೆ, ಬಸಳೆ, ಹೊನಗನ್ನೆ ಹಾಕಿ. ಇವು ಸೆಕೆಗೆ ಹೆದರುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಎಂಬ ಹರಿವೆ ತಳಿಯನ್ನು ಮತ್ತೆ ಮತ್ತೆ ಕೊಯ್ಯಬಹುದು, ಬಿತ್ತಿದ ಒಂದು ತಿಂಗಳೊಳಗೆ ಮೊದಲ ಕೊಯ್ಲು ಸಿಗುತ್ತದೆ. ಒಂದೇ ದಿನ ಎಲ್ಲ ಮಡಿಗಳಿಗೂ ಬೀಜ ಹಾಕದೆ ಹತ್ತು ಹದಿನೈದು ದಿನಕ್ಕೆ ಒಂದೊಂದರಂತೆ ಹಾಕುತ್ತಾ ಬಂದರೆ, ನೀವು ಹೇಳುವಂತೆ ಎಲ್ಲವೂ ಒಂದೇ ಸಲ ಕೈಗೆ ಬರುವ ತೊಡಕು ಅರ್ಧ ತಪ್ಪುತ್ತದೆ. ಪಾಲಕಿನ ಹೂದಂಟನ್ನು ಕೋಳಿಗಳಿಗೆ ಹಾಕಬಹುದು, ಆದರೆ ಅದರಲ್ಲಿರುವ ಆಕ್ಸಾಲಿಕ್ ಆಮ್ಲ ಸುಣ್ಣದ ಅಂಶವನ್ನು ಕಟ್ಟಿಹಾಕುವುದರಿಂದ, ಚಿಪ್ಪು ತೆಳುವಾಗಿರುವ ಈ ದಿನಗಳಲ್ಲಿ ಅತಿಯಾಗಿ ಬೇಡ. ಮೂಲಂಗಿ ಸೊಪ್ಪನ್ನು ಧಾರಾಳವಾಗಿ ಕೊಡಿ.

ಸೌತೆಯ ಕಹಿಗೆ ಮುಖ್ಯ ಕಾರಣ ನೀರಿನ ಏರುಪೇರು. ಎರಡು ದಿನ ಒಣಗಿಸಿ ಮೂರನೆಯ ದಿನ ತುಂಬ ನೀರು ಕಟ್ಟಿದರೆ ಬಳ್ಳಿ ಬಳಲಿ ಕಾಯಿಗೆ ಕಹಿ ಇಳಿಸುತ್ತದೆ. ಬುಡಕ್ಕೆ ಒಣಎಲೆಯ ಹೊದಿಕೆ ಹಾಕಿ ದಿನವೂ ಸಂಜೆ ಸ್ವಲ್ಪ ಸ್ವಲ್ಪ ನೀರು ಕೊಡಿ. ಕಹಿ ಹೆಚ್ಚಾಗಿ ತೊಟ್ಟಿನ ಕಡೆಗೂ ಸಿಪ್ಪೆಯ ಕೆಳಗೂ ಸೇರಿರುತ್ತದೆ. ಮೊದಲು ತೊಟ್ಟಿನ ತುದಿಯನ್ನು ಕತ್ತರಿಸಿ ನಾಲಗೆಗೆ ಮುಟ್ಟಿಸಿ ನೋಡಿ, ತೀರಾ ಕಹಿಯಾದ ಕಾಯಿಯನ್ನು ಅಡುಗೆಗೆ ಬಳಸಬೇಡಿ.

ರುಚಿಯ ಬಗ್ಗೆ ಕೇಳಿದ್ದೀರಿ. ಹಿತ್ತಿಲಿನವರಿಗೆ ಸಂತೆಯವರಿಗಿಲ್ಲದ ಒಂದು ಅನುಕೂಲವಿದೆ: ಯಾವುದನ್ನು ಯಾವ ಹೊತ್ತಿನಲ್ಲಿ ಕೊಯ್ಯಬೇಕೆಂಬುದನ್ನು ನಾವೇ ತೀರ್ಮಾನಿಸಬಹುದು. ಸೊಪ್ಪನ್ನು ಇಬ್ಬನಿ ಆರಿ ಬಿಸಿಲು ಚುರುಕಾಗುವ ಮುಂಚೆ ಕೊಯ್ದರೆ ಎಲೆಯಲ್ಲಿ ನೀರು ತುಂಬಿರುತ್ತದೆ, ಬಾಣಲೆಯಲ್ಲಿ ಬೇರೆ ನೀರೇ ಬೇಡ. ಬೆಂಡೆ ಹೂ ಬಿಟ್ಟ ಐದಾರು ದಿನಕ್ಕೆ ಎಳೆಯದಾಗಿ ಕೈಗೆ ಬರುತ್ತದೆ. ತುದಿಯನ್ನು ಬೆರಳಲ್ಲಿ ಬಗ್ಗಿಸಿದಾಗ ಟಕ್ಕೆಂದು ಮುರಿದರೆ ಸರಿ. ಬಳುಕಿ ನಾರು ಉಳಿದರೆ ಅದು ಬೀಜಕ್ಕೆ ಬಿಡಬೇಕಾದ ಕಾಯಿ. ಒಂದು ದಿನ ಬಿಟ್ಟು ಒಂದು ದಿನ ತಪ್ಪದೆ ಕೊಯ್ಯಿರಿ, ಬಲಿತ ಕಾಯಿ ಗಿಡದಲ್ಲಿ ಉಳಿದರೆ ಹೊಸ ಹೂ ಕಡಿಮೆಯಾಗುತ್ತದೆ. ಬೀನ್ಸನ್ನೂ ಕಾಳು ಮೂಡುವ ಮೊದಲೇ, ಅಡುಗೆಗೆ ಒಲೆ ಹೊತ್ತಿಸುವ ಹೊತ್ತಿಗೆ ಕೊಯ್ಯುವುದೇ ಲೇಸು. ಹೆಚ್ಚಾದ ಬೆಂಡೆಯನ್ನು ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಈ ಬಿಸಿಲಿನಲ್ಲೇ ಬಾಳಕ ಮಾಡಿಟ್ಟರೆ ಮಳೆಗಾಲದ ಗಂಜಿಗೆ ಅದಕ್ಕಿಂತ ಒಳ್ಳೆಯ ಜೊತೆಯಿಲ್ಲ. ಮುಂದಿನ ವರ್ಷ ಒಂದು ಸಾಲು ಮಂಗಳೂರು ಸೌತೆಯನ್ನೂ ಹಾಕಿ ನೋಡಿ. ಬಲಿತ ಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಉತ್ತರ: ಮಂಡ್ಯದ ಅಡುಗೆಮನೆ

ಅಕ್ಕಾ, ನಿಮ್ಮ ಮನೆಯಲ್ಲಿ ಇರುವಂಥದ್ದೇ ವಾರದ ಲೆಕ್ಕ ನಮ್ಮ ಮನೆಯಲ್ಲೂ ಇದೆ, ಆದ್ದರಿಂದ ಅಡುಗೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸಿಪ್ಪೆ ಬಿಡದಿರುವುದು ನಿಮ್ಮ ಮೊಟ್ಟೆಯ ದೋಷವಲ್ಲ, ಅದರ ಹೊಸತನ. ಆಗತಾನೆ ಇಟ್ಟ ಮೊಟ್ಟೆಯ ಬಿಳಿಭಾಗ ಒಳಪೊರೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ದಿನ ಕಳೆದಂತೆ ರಂಧ್ರಗಳ ಮೂಲಕ ಗಾಳಿಯಾಡಿ ಆ ಹಿಡಿತ ಸಡಿಲವಾಗುತ್ತದೆ. ಅದಕ್ಕೇ ನಾನು ಬುಟ್ಟಿಯಲ್ಲಿ ಮೊಟ್ಟೆಗಳ ಮೇಲೆ ಪೆನ್ಸಿಲ್ಲಿನಿಂದ ತಾರೀಕು ಬರೆದಿಟ್ಟು, ಐದಾರು ದಿನ ಕಳೆದವನ್ನು ಮಾತ್ರ ಬೇಯಿಸಲು ತೆಗೆಯುತ್ತೇನೆ. ತಣ್ಣೀರಿಗೆ ಹಾಕಿ ಕಾಯಿಸುವ ಬದಲು ಕುದಿಯುವ ನೀರಿಗೇ ಮೆಲ್ಲಗೆ ಇಳಿಸಿ, ಬೆಂದ ತಕ್ಷಣ ತಣ್ಣೀರಿಗೆ ಹಾಕಿದರೆ ಇನ್ನೂ ಸುಲಭ.

ಆ ದಿನದ ಮೊಟ್ಟೆಗೆ ಅದರದೇ ಆದ ಅಡುಗೆಯಿದೆ, ಅದು ಒಡೆದುಹಾಕಿದ ಮೊಟ್ಟೆ ಸಾರು. ಹೊಸ ಮೊಟ್ಟೆಯ ಬಿಳಿಭಾಗ ಗಟ್ಟಿಯಾಗಿದ್ದು ಹಳದಿಯನ್ನು ಸುತ್ತಿಕೊಂಡೇ ಇರುವುದರಿಂದ ಸಾರಿನಲ್ಲಿ ಚದುರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಧನಿಯ, ಒಣಮೆಣಸಿನಕಾಯಿ ಹುರಿದು ರುಬ್ಬಿ, ಎಳೆ ನುಗ್ಗೆಕಾಯಿಯೋ ಬದನೆಯೋ ಹಾಕಿ ಸಾರು ಚೆನ್ನಾಗಿ ಕುದ್ದ ಮೇಲೆ ಉರಿ ತಗ್ಗಿಸಿ. ಕುದಿ ಅಡಗಿ ಅಂಚಿನಲ್ಲಿ ಮಾತ್ರ ಸಣ್ಣ ಗುಳ್ಳೆ ಏಳುವಾಗ ಮೊಟ್ಟೆಯನ್ನು ಬಟ್ಟಲಿಗೆ ಒಡೆದುಕೊಂಡು ಒಂದೊಂದಾಗಿ ಬೇರೆ ಬೇರೆ ಜಾಗದಲ್ಲಿ ಜಾರಿಸಿ. ಸೌಟು ಹಾಕಬಾರದು. ತಟ್ಟೆ ಮುಚ್ಚಿ, ಹಳದಿ ಗಟ್ಟಿಯಾಗುವವರೆಗೆ ಬಿಡಿ. ಮಕ್ಕಳಿರುವ ಮನೆಯಲ್ಲಿ ಹಳದಿ ಪೂರ್ತಿ ಬೇಯುವುದೇ ಕ್ಷೇಮ. ಬಿಸಿ ಮುದ್ದೆಯ ಪಕ್ಕದಲ್ಲಿ ಆ ಮೊಟ್ಟೆಯನ್ನು ಮುರಿದಾಗ ಕಾಣುವ ಗಾಢ ಹಳದಿ, ನಿಮ್ಮ ಕೋಳಿಗಳು ಹಿತ್ತಿಲಿನಲ್ಲಿ ತಿಂದ ಸೊಪ್ಪಿನಿಂದಲೇ ಬಂದದ್ದು.

ಸೋಮವಾರ ಮತ್ತು ಶನಿವಾರಕ್ಕೆ ಬಸ್ಸಾರು ಇದ್ದೇ ಇದೆಯಲ್ಲ. ದಂಟಿನ ಸೊಪ್ಪನ್ನು ಎಳೆದಂಟಿನ ಸಮೇತ, ತೊಗರಿಬೇಳೆ ಅಥವಾ ಅಲಸಂದೆ ಕಾಳಿನ ಜೊತೆ ಬೇಯಿಸಿ ಬಸಿಯಿರಿ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರಾಯಿತು, ಉಳಿದ ಸೊಪ್ಪು ಕಾಳಿಗೆ ಬೆಳ್ಳುಳ್ಳಿ ಒಗ್ಗರಣೆ ಮತ್ತು ಕಾಯಿತುರಿ ಸೇರಿಸಿದರೆ ಪಲ್ಯವಾಯಿತು. ಸಂತೆಯ ಸೊಪ್ಪಿನ ಕಟ್ಟು ಬರಿಯ ಬಣ್ಣದ ನೀರಿನಂತಿರುತ್ತದೆ; ಬೆಳಿಗ್ಗೆ ಕೊಯ್ದ ಸೊಪ್ಪಿನದರಲ್ಲಿ ಮಾತ್ರ ಸಿಹಿಯಂಶ ನಾಲಗೆಗೆ ಸಿಗುತ್ತದೆ. ಅದನ್ನು ಉಳಿಸಿಕೊಳ್ಳಲು ಖಾರವನ್ನೂ ಹುಣಸೆಯನ್ನೂ ಸ್ವಲ್ಪ ಹಿಂದೆಗೆಯಿರಿ. ಉಳಿದ ದಿನಗಳಲ್ಲಿ ನುಗ್ಗೆಸೊಪ್ಪಿನ ಪಲ್ಯವನ್ನು ಎಲ್ಲರಿಗೂ ಒಟ್ಟಿಗೆ ಮಾಡಿ, ಬೇಕಾದರೆ ಅತ್ತೆಯವರ ಪಾಲನ್ನು ಮೊದಲು ತೆಗೆದಿಟ್ಟು, ಉಳಿದದ್ದಕ್ಕೆ ಮೊಟ್ಟೆ ಒಡೆದು ಹಾಕಿ ಕೆದಕಿದರೆ ಒಂದೇ ಒಲೆಯಲ್ಲಿ ಎರಡೂ ಮುಗಿಯುತ್ತದೆ. ನುಗ್ಗೆಸೊಪ್ಪಿನ ಸಣ್ಣ ಕಹಿಗೆ ಮೊಟ್ಟೆಯ ಜಿಡ್ಡು ಹೊಂದಿಕೊಳ್ಳುವ ಹಾಗೆ ಬೇರೆ ಯಾವ ಸೊಪ್ಪಿಗೂ ಹೊಂದುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ: ಎಡಿಸನ್, ನ್ಯೂಜೆರ್ಸಿ

ಇಲ್ಲಿ ಕೋಳಿ ಸಾಕಿರುವ ಕನ್ನಡಿಗನಾಗಿ ಒಂದು ವಿಷಯವನ್ನು ಸೇರಿಸಬಯಸುತ್ತೇನೆ. ಅಂತರಜಾಲದಲ್ಲಿ ಓದಿ ಮೊಟ್ಟೆ ತೊಳೆದು ಫ್ರಿಜ್ಜಿನಲ್ಲೇ ಇಡಬೇಕು ಎನ್ನುವವರು ಅಲ್ಲಿಯೂ ಇದ್ದಾರೆ. ಅಮೆರಿಕದಲ್ಲಿ ಮಾರಾಟದ ಮೊಟ್ಟೆಯನ್ನು ತೊಳೆದೇ ಪೇಟೆಗೆ ಬಿಡುತ್ತಾರೆ, ರಕ್ಷಣೆಯ ಲೇಪ ಹೋಗಿರುವುದರಿಂದ ತಂಪಿನಲ್ಲಿಡುವುದು ಇಲ್ಲಿ ಅನಿವಾರ್ಯ. ವೈದ್ಯರು ಹೇಳಿದ ಕ್ರಮ ಹಿತ್ತಿಲಿನ ಮೊಟ್ಟೆಗೆ ಸರಿಯಾದದ್ದು.

ವಸಂತದ ಸಂಭ್ರಮ ಇಲ್ಲಿ ಬೇರೆಯದೇ ಕಾರಣಕ್ಕೆ ಬರುತ್ತದೆ. ಮೈಸೂರಿನಲ್ಲಿ ಡಿಸೆಂಬರಿಗೂ ಜೂನಿಗೂ ಹಗಲಿನ ಉದ್ದ ಒಂದೂವರೆ ಗಂಟೆಯಷ್ಟು ಮಾತ್ರ ಹೆಚ್ಚು ಕಡಿಮೆಯಾದರೆ, ಇಲ್ಲಿ ಒಂಬತ್ತೂಕಾಲು ಗಂಟೆಯ ಹಗಲು ಹದಿನೈದು ಗಂಟೆಗೆ ಹಿಗ್ಗುತ್ತದೆ. ಕೋಳಿ ಮೊಟ್ಟೆ ಇಡುವುದು ಬೆಳಕನ್ನು ನೋಡಿಯಾದ್ದರಿಂದ ಚಳಿಗಾಲದಲ್ಲಿ ಬಹುಮಟ್ಟಿಗೆ ನಿಂತದ್ದು ಮಾರ್ಚ್‌ನಲ್ಲಿ ಒಮ್ಮೆಗೇ ಶುರುವಾಗುತ್ತದೆ. ನಿಮ್ಮಲ್ಲಿ ತಡೆಯೊಡ್ಡುವುದು ಸೆಕೆ, ನಮ್ಮಲ್ಲಿ ಕತ್ತಲೆ. ನಿಮ್ಮಲ್ಲಿ ಹೂದಂಟು ಎತ್ತುವ ಮೆಂತ್ಯವನ್ನು ನಾವು ಏಪ್ರಿಲ್‌ನಲ್ಲಿ ಬಿತ್ತುತ್ತೇವೆ. ಹಿಮ ಬೀಳುವುದು ನಿಂತ ಮೇಲೆ ಮನೆಯಲ್ಲಿ ಮೊದಲು ಬರುವ ಹಸಿರು ಅದೇ, ಮತ್ತು ಆ ವಾರ ನಮ್ಮ ಮನೆಯಲ್ಲಿ ಮೆಂತ್ಯದ ಬಾತು, ಮೆಂತ್ಯ ಹಾಕಿದ ಆಮ್ಲೆಟ್ ಬಿಟ್ಟು ಬೇರೆ ಅಡುಗೆಯನ್ನು ಯಾರೂ ಕೇಳುವುದಿಲ್ಲ.

ಪ್ರಶ್ನೆ ಕೇಳಿದವರು: ಹುಣಸೂರು ಹಿತ್ತಿಲು

ಇಷ್ಟು ಕಾಳಜಿಯಿಂದ ಬರೆದ ನಿಮ್ಮೆಲ್ಲರಿಗೂ ಮನಸ್ಸು ತುಂಬಿ ವಂದನೆಗಳು. ಕಪ್ಪೆಚಿಪ್ಪಿನ ಬಟ್ಟಲನ್ನು ಇಂದೇ ಇಟ್ಟಿದ್ದೇನೆ. ಸ್ವರ್ಣಧಾರ ಹೇಟೆಗಳೇ ಮೊದಲು ಅದಕ್ಕೆ ಮುತ್ತಿದವು, ನಾಟಿ ಕೋಳಿಗಳು ಮೂಸಿಯೂ ನೋಡಲಿಲ್ಲ. ಇನ್ನೊಂದು ಸಂದೇಹ ಉಳಿದಿದೆ. ಗೂಡಿನ ಕಸವನ್ನು ಗುಡಿಸಿ ನೇರವಾಗಿ ಸೊಪ್ಪಿನ ಮಡಿಗೆ ಹಾಕಬಹುದೇ? ಕೋಳಿಗಳನ್ನೇ ಮಡಿಯೊಳಗೆ ಬಿಟ್ಟರೆ ಹುಳುಗಳನ್ನು ತಿನ್ನುತ್ತವೆ ಎನ್ನುತ್ತಾರೆ, ಅದು ಸರಿಯೇ?

ಉತ್ತರ: ಕಾರ್ಕಳದ ಗದ್ದೆಯಿಂದ

ನೇರವಾಗಿ ಹಾಕಬೇಡಿ. ಕೋಳಿಗೊಬ್ಬರದಲ್ಲಿ ಸಾರಜನಕ ಬಹಳ, ಹಸಿಯಾಗಿ ಹಾಕಿದರೆ ಎಳೆಬೇರು ಸುಟ್ಟುಹೋಗುತ್ತದೆ. ಅದರಲ್ಲಿರುವ ರೋಗಾಣುಗಳು ಸೊಪ್ಪಿಗೆ ತಗುಲುವ ಅಪಾಯವೂ ಇದೆ. ಗೂಡಿನ ನೆಲಕ್ಕೆ ಭತ್ತದ ಹೊಟ್ಟು ಹರಡಿ, ತುಂಬಿದಾಗ ಅದನ್ನು ಹಿಕ್ಕೆಯ ಸಮೇತ ತೆಗೆದು, ಒಣಎಲೆಯನ್ನು ಅದಕ್ಕಿಂತ ಹೆಚ್ಚಾಗಿ ಸೇರಿಸಿ ರಾಶಿ ಹಾಕಿ ತೇವ ಕೊಡಿ. ರಾಶಿ ಒಳಗಿನಿಂದ ಬಿಸಿಯೇರಿ ಮತ್ತೆ ತಣಿದು, ವಾಸನೆ ಹೋಗಿ ಕಪ್ಪು ಮಣ್ಣಿನಂತಾದ ಮೇಲೆ ಮಡಿಗೆ ಹಾಕಿ. ಹಸಿಗೊಬ್ಬರವನ್ನು ಮಣ್ಣಿಗೆ ಸೇರಿಸಲೇಬೇಕಾದರೆ ಆ ಜಾಗದ ಕೊಯ್ಲಿಗೂ ಅದಕ್ಕೂ ನಡುವೆ ನಾಲ್ಕು ತಿಂಗಳಾದರೂ ಇರಲಿ.

ಬೆಳೆ ಇರುವ ಮಡಿಗೆ ಕೋಳಿ ಬಿಟ್ಟರೆ ಹುಳುವಿಗಿಂತ ಮೊದಲು ಮೊಳಕೆಯೇ ಹೋಗುತ್ತದೆ, ಆದ್ದರಿಂದ ಬಿದಿರಿನ ತಡಿಕೆ ಕಟ್ಟಿ ಬೇರೆಯಾಗಿಡಿ. ಮೆಂತ್ಯ ಮತ್ತು ಪಾಲಕ್ ಕಿತ್ತ ಮಡಿಗಳು ಈಗ ಖಾಲಿಯಾಗುತ್ತವೆಯಲ್ಲ, ಅವುಗಳೊಳಗೆ ನಾಲ್ಕೈದು ದಿನ ಕೋಳಿಗಳನ್ನು ಬಿಡಿ. ಮಣ್ಣು ಕೆದಕಿ, ಗೊಣ್ಣೆಹುಳು ಮತ್ತು ಕಳೆಯ ಬೀಜಗಳನ್ನು ಅವೇ ಹೆಕ್ಕುತ್ತವೆ. ಅಲ್ಲಿ ಹಸಿ ಹಿಕ್ಕೆ ಬೀಳುವುದರಿಂದ ಆ ಮಡಿಗಳಿಗೆ ಈಗಲೇ ಕೀರೆ, ಹರಿವೆ ಬೇಡ. ನಾನು ಹೇಳಿದ ಸೊಪ್ಪುಗಳನ್ನು ಮೂಲಂಗಿ ಕಿತ್ತ ಜಾಗಕ್ಕೆ ಹಾಕಿ. ಕೋಳಿ ಕೆದಕಿದ ಮಡಿಗೆ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಪಡವಲ, ಹೀರೆ ಬೀಜ ಹಾಕಿ ಚಪ್ಪರಕ್ಕೆ ಹಬ್ಬಿಸಿದರೆ ಕಾಯಿ ನೆಲಕ್ಕೆ ತಾಗುವುದಿಲ್ಲ, ಕೊಯ್ಲಿಗೆ ಬರುವ ಹೊತ್ತಿಗೆ ನಾಲ್ಕು ತಿಂಗಳೂ ಕಳೆದಿರುತ್ತದೆ.